ಅಳಿಸಿದ ಪ್ರಶ್ನೆಗಳು

ಶಿಷ್ಯ ಕ್ಯಾಸೆಟ್ಟನ್ನು ಮಗುಚಿ ಹಾಕಿ ಮತ್ತೆ ಗುಂಡಿ ಒತ್ತಿದ. ಪಕ್ಕದ ಕೋಣೆಯಲ್ಲಿ ಅವನ ಮೇಡಂ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದರು. ಗಾಡಿ ಬರುವುದರೊಳಗೆ ಅಮ್ಮನ ದನಿ ಒಂದು ಸಲ ಕೇಳಲೇಬೇಕೆಂದು ಮಗಳು ಪಟ್ಟು ಹಿಡಿದು ಕೂತಿದ್ದಳು.

ಟೇಪಿನಲ್ಲಿ ಯಾರೋ ದರ್ಜಿ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಮದುವೆಯ ಕತೆ ಹೇಳುತ್ತಿದ್ದ. ನಡುವೆ ನಿಲ್ಲಿಸಿದ. ಏನೂ ಕೇಳಿಸಲಿಲ್ಲ. ಆಮೇಲೆ ನಾಚಿಕೊಂಡು ನಕ್ಕು, ಯಾರಿಗೋ ಉತ್ತರ ಕೊಟ್ಟ.

"ಈಗ ಅಕ್ಕ ಏನೋ ಕೇಳಿದ್ಳು," ಎಂದರು ಚಿಕ್ಕಮ್ಮ. "ಊರವರ ಮಾತೆಲ್ಲ ಕೂಡಿಟ್ಳು, ತನ್ನದೊಂದು ಮಾತು ಉಳಿಸ್ಕೊಳ್ಳಲಿಲ್ವಲ್ಲಪ್ಪಾ!"

ಶಿಷ್ಯ ತಲೆ ತಗ್ಗಿಸಿದ.

* * *

"ವ್ಯಾಕರಣ ಅಂದ್ರೆ ಪೊಲೀಸ್ ಕೆಲಸ ಅಲ್ಲ ಕಣಯ್ಯಾ," ಎನ್ನುತ್ತಿದ್ದರು ಮೇಡಂ, ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದ ಇಕ್ಕಟ್ಟಾದ ಕೋಣೆಯಲ್ಲಿ. "ಹೀಗೆ ಮಾತಾಡಿ, ಹಾಗೆ ಮಾತಾಡಿ ಅನ್ನೋಕೆ ಬೇಕಾದಷ್ಟು ಜನ ಇದ್ದಾರೆ. ಜನ ಹೇಗೆ ಮಾತಾಡ್ತಾರೋ ಕೇಳಿಸ್ಕೊಳ್ಳೋದು ನಮ್ಮ ಕೆಲಸ."

ರೆಕಾರ್ಡಿಂಗ್ ಮುಗಿದ ಮೇಲೆ ತಮ್ಮ ಪ್ರಶ್ನೆಗಳನ್ನೆಲ್ಲ ಟೇಪಿನಿಂದ ಅಳಿಸಿಹಾಕಿಸುತ್ತಿದ್ದರು. "ನಂದು ಪಾಠ ಮಾಡೋ ಇಂಗ್ಲಿಷ್. ಅದು ಬೆರೆತ್ರೆ ಹಾಲಿಗೆ ಹುಳಿ ಹಿಂಡಿದ ಹಾಗೆ. ಅಳಿಸು, ಅಳಿಸು."

ಅಳಿಸುವ ಗುಂಡಿ ಒತ್ತುತ್ತಿದ್ದವನು ಇವನೇ.

* * *

ಸಾವಿಗೆ ಬಂದವರು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ವಿಚಿತ್ರವೆಂದರೆ, ಟೇಪಿನಲ್ಲಿ ಆ ಮೌನ ಬಂದಾಗಲೆಲ್ಲ ಅವರೂ ತಾವಾಗಿಯೇ ಸುಮ್ಮನಾಗುತ್ತಿದ್ದರು. ಹಿರಿಯರು ಮಾತಾಡುವಾಗ ಬಾಯಿ ಹಾಕಬಾರದು ನೋಡಿ, ಹಾಗೆ. ಆಗಷ್ಟೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರು ಕೂಡ ಅಲ್ಲೇ ನಿಂತರು. ಚಿಕ್ಕಮ್ಮ ಸೆರಗು ಬಿಗಿಯಾಗಿ ಹೊದ್ದುಕೊಂಡರು.

"ಇದೇ ಕೊನೇದು ಅಕ್ಕಾ," ಎಂದ ಶಿಷ್ಯ, ಮಗಳಿಗೆ. "ಇದ್ರಲ್ಲಿ ನೀವೇ ಇದ್ದೀರಿ. ಚಿಕ್ಕೋರಿದ್ದಾಗ ಇಂಗ್ಲಿಷ್ ಹೇಗೆ ಕಲಿತ್ರಿ ಅಂತ ರೆಕಾರ್ಡ್ ಮಾಡಿದ್ದು."

"ನಂಗೆ ಇದ್ಯಾವ್ದೂ ನೆನಪಿಲ್ಲ."

ಪುಟ್ಟ ಹುಡುಗಿಯೊಬ್ಬಳು ಬೆಕ್ಕಿನ ಬಗ್ಗೆ ತೊದಲಿದಳು. ಮೌನ. ನಕ್ಕಳು. ಮತ್ತೆ ಮೌನ. ಮಗಳು ಕಿವಿಯನ್ನು ಟೇಪಿಗೇ ತಾಗಿಸಿ ಕೂತಳು. ಒಂದು ಕೆಮ್ಮಾದರೂ ಸಿಗಲಿಲ್ಲ. ಅವಳಿಗೆ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು.

ಹೊರಗೆ ಗಾಡಿ ಬಂದು ನಿಂತಿತು.

"ಏಳು ಪುಟ್ಟಿ, ಹೊತ್ತಾಯ್ತು," ಎಂದರು ಚಿಕ್ಕಮ್ಮ.

ಟೇಪಿನಲ್ಲಿ ಮತ್ತೊಂದು ಮೌನ ಶುರುವಾಯಿತು. ಇದು ಉದ್ದದ್ದು. ಮನೆಯೆಲ್ಲ ಸುಮ್ಮನಾಯಿತು. ಮಗಳು ತಟ್ಟನೆ ತಲೆಯೆತ್ತಿ ಪಕ್ಕದ ಕೋಣೆಯ ಕಡೆ ತಿರುಗಿದಳು.

"ಅಯಾಮ್ ಹಿಯರ್ ಓನ್ಲಿ, ಅಮ್ಮಾ," ಎಂದಳು.

ಅವಳು ಹೇಳಿ ಮುಗಿಸಿದ ಮೇಲೆ, ಟೇಪಿನೊಳಗಿನ ಹುಡುಗಿ ಅದನ್ನೇ ಹೇಳಿದಳು.