ನೀರಿಗೆ ಕರಗದ ಸೀಸ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಿದ್ದರು. ಮೈಯೂ ಹಾಗೇ ಇತ್ತು, ಮಾತೂ ಕಡ್ಡಿ ಮುರಿದಂತೆ. ಹದಿನೆಂಟು ವರ್ಷದಿಂದ ಮಣ್ಣು, ನೀರು ಪರೀಕ್ಷಿಸುವುದೇ ಅವಳ ಕೆಲಸ. ಆ ಸೋಮವಾರ ಅವಳ ಮೇಜಿಗೆ ಬಂದ ಮಣ್ಣು ಸ್ವಂತ ಅಕ್ಕ ಪಾಠ ಹೇಳುವ ಶಿಶುವಿಹಾರದ ಅಂಗಳದ್ದು.

ಹಿಂದೆ ಅಲ್ಲಿ ಹಳೇ ಬ್ಯಾಟರಿ ಒಡೆಯುವ ಶೆಡ್ಡಿತ್ತು. ಶೆಡ್ಡು ಹೋಯಿತು, ಸೀಸ ಮಣ್ಣಲ್ಲೇ ಉಳಿಯಿತು. ಅದನ್ನು ಕಟ್ಟಿಹಾಕಲೆಂದು ಗುತ್ತಿಗೆದಾರ ಫಾಸ್ಫೇಟ್ ಪುಡಿ ಹಾಕಿದ್ದ. ಸೀಸ ಫಾಸ್ಫೇಟಿನೊಂದಿಗೆ ಸರಿಯಾಗಿ ಕೂಡಿದರೆ ಕಲ್ಲಿನಂಥ ಲವಣವಾಗುತ್ತದೆ. ಮಗು ಆ ಮಣ್ಣು ಬಾಯಿಗೆ ಹಾಕಿಕೊಂಡರೂ ಹೊಟ್ಟೆಯಲ್ಲಿ ಕರಗುವುದು ತೀರಾ ಕಡಿಮೆ. ಆದರೆ ಎರಡೂ ಕೂಡಬೇಕಲ್ಲ!

ಕಡ್ಡಿ ಮಣ್ಣನ್ನು ನೀರಲ್ಲಿ ಕದಡಿ ನೋಡಿದಳು. ಸೀಸ ಇಲ್ಲವೆಂಬಷ್ಟೇ ಬಂತು. ಆದರೂ ಪುಡಿಯ ಬಿಳಿ ಹರಳುಗಳು ಹಾಕಿದ ಹಾಗೇ ಮಿನುಗುತ್ತಿದ್ದುದು ಕಂಡು ಅನುಮಾನವಾಯಿತು. ಸಂಜೆ ಅಂಗಳಕ್ಕೇ ಹೋಗಿ ಗೇಣುದ್ದ ಅಗೆದಳು. ಪುಡಿ ಬರೀ ಮೇಲ್ಮೇಲೆ ಉದುರಿಸಿದ್ದರು. ಅಡಿಯ ಬೂದುಮಣ್ಣಿಗೆ ಅದು ಸೋಕಿಯೇ ಇರಲಿಲ್ಲ. ಮಕ್ಕಳು ಕೆದಕಿ ಗುಡ್ಡ ಕಟ್ಟುತ್ತಿದ್ದದ್ದು ಆ ಮಣ್ಣಲ್ಲೇ.

ಮರುದಿನ ಹೊಟ್ಟೆಯ ಹುಳಿಯಷ್ಟೇ ಆಮ್ಲವಿರುವ ದ್ರಾವಣದಲ್ಲಿ, ಮೊದಲು ನೀರಲ್ಲಿ ಕದಡಿದ್ದ ಮಣ್ಣನ್ನೇ ಕಲಕಿದಳು. ನೀರಲ್ಲಿ ಬಂದದ್ದರ ನಲವತ್ತು ಪಟ್ಟು ಸೀಸ ಕರಗಿ ಬಂತು.

"ನಿಯಮದಲ್ಲಿ ನೀರಿನ ಪರೀಕ್ಷೆ ಅಂತಷ್ಟೇ ಇದೆ," ಎಂದ ಮೇಲಧಿಕಾರಿ. "ಅದ್ರಲ್ಲಿ ಪಾಸಾಗಿದೆ. ಸಹಿ ಹಾಕಮ್ಮ."

"ಮಕ್ಕಳ ಹೊಟ್ಟೇಲಿ ಇರೋದು ಬರೀ ನೀರಾ ಸಾರ್?"

"ಸುಮ್ನೆ ಇಲ್ಲದ ಉಸಾಬರಿ ಮೈಮೇಲೆ ಎಳ್ಕೋಬೇಡ."

ಅವಳು ಎರಡೂ ಫಲಿತಾಂಶ ಬರೆದು ಸಹಿ ಹಾಕಿದಳು. ಒಂದು ಪ್ರತಿಯನ್ನು ಆರೋಗ್ಯ ಇಲಾಖೆಗೂ ಕಳಿಸಿದಳು. ಅಕ್ಕನಿಗೆ ಫೋನು ಮಾಡಿ, "ಮಕ್ಕಳನ್ನ ಅಂಗಳಕ್ಕೆ ಬಿಡಬೇಡ. ಕೈ ತೊಳೆಸು. ಚಪ್ಪಲಿ ಹೊರಗೇ ಬಿಡಿಸು," ಎಂದಳು.

ಗುರುವಾರ ಮೇಲಧಿಕಾರಿ ಶಿಶುವಿಹಾರಕ್ಕೆ ಕಾರಿನಲ್ಲಿ ಬಂದಿಳಿದ. ಬಾಗಿಲಲ್ಲಿ ಸೇರಿದ್ದ ತಾಯಂದಿರಿಗೆ, ಗಾಬರಿಪಡುವಂಥದ್ದು ಏನೂ ಇಲ್ಲ, ಅಂಗಳ ಸುರಕ್ಷಿತ ಎಂದು ನಗುನಗುತ್ತಾ ಹೇಳಿದ. ಆಮೇಲೆ ಅಂಗಳದ ಗೇಟಿನ ಹತ್ತಿರ ಬಗ್ಗಿ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಬೂಟಿಗೆ ಸುತ್ತಿಕೊಳ್ಳತೊಡಗಿದ.

ಅಕ್ಕ ಯಾರಿಗೂ ದನಿಯೆತ್ತಿ ಮಾತಾಡಿದವಳಲ್ಲ. ಆವತ್ತು ಅವಳ ದನಿ ಬೀದಿಗೇ ಕೇಳಿಸಿತು: "ನಿಮ್ಮ ಬೂಟಿಗಿರೋ ಕಾಳಜಿ ನಮ್ಮ ಮಕ್ಕಳ ನಾಲಿಗೆಗೆ ಬೇಡ್ವಾ ಸಾರ್?"

ಆತ ಒಂದು ಕಾಲೆತ್ತಿಕೊಂಡು ಹಾಗೇ ನಿಂತ. ಅಂಗಳಕ್ಕೆ ಯಾರನ್ನೂ ಬಿಡೆನೆಂದು ಒಬ್ಬ ತಾಯಿ ಗೇಟಿಗೆ ಅಡ್ಡ ನಿಂತಳು, ಪಕ್ಕದಲ್ಲಿ ಇನ್ನೊಬ್ಬಳು. ಸಂಜೆಯವರೆಗೂ ಒಬ್ಬರೂ ಕದಲಲಿಲ್ಲ.

ಕಡ್ಡಿ ಕಳಿಸಿದ್ದ ಪ್ರತಿ ನೋಡಿ ಆರೋಗ್ಯ ಇಲಾಖೆಯ ಡಾಕ್ಟರಮ್ಮ ಬಂದು ಅಂಗಳಕ್ಕೆ ಬೀಗ ಹಾಕಿಸಿದಳು, ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಳು. ಗುತ್ತಿಗೆದಾರ ಮತ್ತೆ ಬಂದ. ಈ ಸಲ ಒಂದು ಮೊಳ ಆಳದವರೆಗೆ ಮಣ್ಣು ಅಗೆದು, ಫಾಸ್ಫೇಟ್ ಕಲಸಿ, ನೀರುಣಿಸಿ, ವಾರಗಟ್ಟಲೆ ಬಿಟ್ಟರು. ಕಡ್ಡಿ ಮತ್ತೆ ಆಮ್ಲದಲ್ಲಿ ಕಲಕಿದಾಗ ಸೀಸ ಸ್ವಲ್ಪವೇ ಕರಗಿತು. ಅಷ್ಟಾದರೂ ಸಾಲದೆಂದು ಮೇಲೊಂದು ಪದರ ಹೊಸ ಮಣ್ಣು ಹಾಕಿಸಿದಳು.

ಮೇಲಧಿಕಾರಿ ಬರೆದ ವರದಿ 'ಕಾಮಗಾರಿ ಯಶಸ್ವಿ' ಎಂದಿತು. ನಾಲ್ಕು ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದ್ದ ಮಾತು ಅದರಲ್ಲಿರಲಿಲ್ಲ. ಕಡ್ಡಿ ಅದನ್ನೋದಿ ಹಲ್ಲು ಕಚ್ಚಿದಳು. ಮೇಲಧಿಕಾರಿಯ ಕೋಣೆಗೆ ನುಗ್ಗಿ, ವರದಿಯನ್ನು ಅವನ ಮುಂದಿಟ್ಟು, "ಈ ನಾಲ್ಕು ಮಕ್ಕಳನ್ನ ಎಲ್ಲಿ ಬರೀತೀರಿ, ತೋರಿಸಿ," ಎಂದಳು. ಅವನು ಬರೆಯುವ ತನಕ ಎದುರಿನ ಕುರ್ಚಿ ಬಿಟ್ಟು ಏಳಲಿಲ್ಲ.