ನಲವತ್ತೊಂದು ಸಲ ಬಡಿದ ಬಾಗಿಲು

ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಲ್ಲರೂ ಅವಳನ್ನು ಬೀಗದಕ್ಕ ಅಂತಲೇ ಕರೆಯೋದು. ರೋಗಿಗಳ ಸ್ಕ್ಯಾನುಗಳೆಲ್ಲ ಇರುವ ಸರ್ವರ್ ಅವಳ ಉಸ್ತುವಾರಿ. ಹೊರಗಿನ ಡಾಕ್ಟರುಗಳು ತಮ್ಮ ಕ್ಲಿನಿಕ್ಕಿನಿಂದ ಅದರೊಳಗೆ ಬಂದು, ಫೈಲ್ ಇಳಿಸಿಕೊಂಡು, ನೋಡಿ ವರದಿ ಬರೆಯುತ್ತಿದ್ದರು. ಎಲ್ಲ ಡಾಕ್ಟರಿಗೂ ಸೇರಿ ಒಂದೇ ಖಾತೆ.

ಹೋದ ತಿಂಗಳು ಯಾವನೋ ಕದೀಮ ತಾನೇ ಡಾಕ್ಟರು ಅಂತ ಫೋನ್ ಮಾಡಿ, ಪಾಸ್‌ವರ್ಡ್ ಕೇಳಿಕೊಂಡು, ಮುನ್ನೂರು ಜನರ ಫೈಲು ಹೊತ್ತೊಯ್ದಿದ್ದ. ಪಾಸ್‌ವರ್ಡ್ ಕೊಟ್ಟವರು ಯಾರೋ, ಬೈಸಿಕೊಂಡವಳು ಬೀಗದಕ್ಕ. "ಇನ್ನೊಂದ್ಸಲ ಹೀಗಾದ್ರೆ ನೀನು ಮನೆಗೆ" ಅಂದಿದ್ದ ಯಜಮಾನ, ಎಲ್ಲರೆದುರಿಗೇ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಅವಳೂ ಕಟ್ಟಳೆ ಮಾಡಿದಳು. ಡಾಕ್ಟರುಗಳ ಕ್ಲಿನಿಕ್ಕಿನ ಕಂಪ್ಯೂಟರ್ ವಿಳಾಸಗಳ ಪಟ್ಟಿ ಮಾಡಿ, ಅದರಲ್ಲಿಲ್ಲದ ವಿಳಾಸದಿಂದ ಯಾರೇ ಒಳಗೆ ಬರಲಿ, ಕಂಡ ಕೂಡಲೇ ಸಂಪರ್ಕ ಕತ್ತರಿಸುವುದು. ಫೋನಿನಲ್ಲಿ ದೇವರೇ ಕೇಳಿದರೂ ಬಾಗಿಲು ತೆಗೆಯದಿರುವುದು. ಸರ್ವರ್ ಕೋಣೆಗೆ ಮೊಬೈಲ್ ತರದಿರುವುದು.

ಅವತ್ತು ಬೆಳಿಗ್ಗೆ ಅವಳ ಅಣ್ಣ, ಗೋಡೆಗೆ ಬಣ್ಣ ಹೊಡೆಯುವವನು, ಏಣಿಯಿಂದ ಬಿದ್ದ. ಅಪ್ಪ ಹೋದ ಮೇಲೆ ಆ ಬಣ್ಣ ಹೊಡೆದೇ ಅವಳನ್ನು ಓದಿಸಿದವನು. ಒಂಬತ್ತು ಗಂಟೆಗೆ ಅದೇ ಸೆಂಟರಿನಲ್ಲಿ ತಲೆಯ ಸ್ಕ್ಯಾನ್ ಆಯಿತು. "ಒಳಗೆ ಏನಾದ್ರೂ ಇದ್ರೆ ತಾನೇ ಕಾಣೋದು!" ಅಂತ ನಗಾಡಿದ. ಬೀಗದಕ್ಕನಿಗೆ ನಗು ಬರಲಿಲ್ಲ. ಒಳಗೆ ರಕ್ತ ಸೋರುತ್ತಿದ್ದರೆ ಒಂದೊಂದು ಗಂಟೆಯೂ ಜೀವದ ಪ್ರಶ್ನೆ. ಸ್ಕ್ಯಾನಿನ ನಂಬರನ್ನು ಅವಳೇ ಬಿಲ್ಲಿನ ಕವರಿನ ಮೇಲೆ ಬರೆದು ಕೊಟ್ಟಳು.

"ನೀನಿದ್ದೀಯಲ್ಲ, ನಮಗೇನು ಭಯ" ಅನ್ನುತ್ತಾ ಅತ್ತಿಗೆ ಅಣ್ಣನನ್ನು, ವರದಿ ಬರುವ ತನಕ ಇರಲು, ಪಕ್ಕದ ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಬೀಗದಕ್ಕ ರಿಸೆಪ್ಷನ್ ಫೋನಿನಿಂದ ಹಿರಿಯ ಡಾಕ್ಟರಿಗೆ ಗೋಗರೆದಳು. "ಸರ್, ಇವತ್ತು ನಿಮಗೆ ರಜ ಅಂತ ಗೊತ್ತು. ನಮ್ಮಣ್ಣನ ಸ್ಕ್ಯಾನು. ದಯವಿಟ್ಟು ನೀವೇ ನೋಡಿ."

"ಈಗಲೇ ನೋಡ್ತೀನಮ್ಮ. ಏನಿದ್ರೂ ನಾನೇ ಆಸ್ಪತ್ರೆಗೆ ಹೇಳ್ತೀನಿ, ನೀನು ಯೋಚನೆ ಮಾಡ್ಬೇಡ."

ಅವಳಿಗೆ ಅರ್ಧ ಜೀವ ಬಂತು. ಮೊಬೈಲನ್ನು ಹೊರಗಿನ ಡ್ರಾಯರಿನಲ್ಲಿಟ್ಟು ಕೋಣೆ ಹೊಕ್ಕಳು.

ಹತ್ತೂಕಾಲಿಗೆ ಡಾಕ್ಟರುಗಳ ಖಾತೆಗೆ ಯಾರೋ ಬಂದರು. ಪಟ್ಟಿಯಲ್ಲಿಲ್ಲದ ವಿಳಾಸ. ಒಂದು ಫೈಲು ಇಳಿಯಲು ಶುರುವಾಗಿತ್ತು. "ಮತ್ತೆ ಬಂದೆಯಾ, ಹಾಳಾದವನೇ!" ಎಂದು ಕತ್ತರಿಸಿಯೇಬಿಟ್ಟಳು. ಎಲ್ಲಿಂದ ಬಂದ ಅಂತ ನೋಡಿದಳೇ ಹೊರತು ಏನು ಕೇಳಿದ ಅಂತ ನೋಡಲಿಲ್ಲ. ರಜ ಅಂದರೆ ಡಾಕ್ಟರು ಮನೆಯಲ್ಲಿರುತ್ತಾರೆ ಅನ್ನೋದು ಸಣ್ಣ ಮಗುವಿಗೂ ಹೊಳೆಯುತ್ತೆ. ಭಯ ಹೊಕ್ಕ ತಲೆಗೆ ಹೊಳೆಯಲಿಲ್ಲ, ಏನು ಮಾಡೋಣ!

ಆ ವಿಳಾಸ ಮತ್ತೆ ಮತ್ತೆ ಬಡಿಯಿತು. ಸರ್ವರ್ ಪ್ರತಿ ಸಲವೂ ಆಚೆ ದಬ್ಬಿತು.

ರಿಸೆಪ್ಷನ್ ಹುಡುಗಿ ಬಾಗಿಲಲ್ಲಿ ತಲೆ ಹಾಕಿದಳು. "ಅಕ್ಕಾ, ಡಾಕ್ಟರಂತೆ, ಸರ್ವರ್ ತೆಗೀರಿ ಅಂತ ಎರಡು ಸಲ ಫೋನು. ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ, ಇಟ್ಬಿಟ್ಟೆ."

"ಭೇಷ್! ಹಾಗೇ ಮಾಡು" ಅಂದಳು ಬೀಗದಕ್ಕ.

ಎರಡು ಗಂಟೆಗೆ ಪ್ರಿಂಟ್ ತೆಗೆದುಕೊಂಡು ಯಜಮಾನನ ಮುಂದೆ ನಿಂತಳು. "ನಲವತ್ತೊಂದು ಸಲ ಪ್ರಯತ್ನ ಪಟ್ಟಿದ್ದಾನೆ ಸರ್. ಒಂದು ಫೈಲೂ ಸಿಕ್ಕಿಲ್ಲ."

ತಿಂಗಳಿಂದ ಕಾಣದ ನಗು ಯಜಮಾನನ ಮುಖದಲ್ಲಿ ಕಂಡಿತು. "ಕೆಲಸ ಅಂದ್ರೆ ಇದು! ಅಂದಹಾಗೆ, ಮೊದಲನೇ ಸಲ ಯಾವ ಫೈಲಿಗೆ ಕೈ ಹಾಕಿದ್ದ?"

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು. ಬೆಳಿಗ್ಗೆ ಕವರಿನ ಮೇಲೆ ತಾನೇ ಬರೆದ ನಂಬರು.

ಓಡಿದಳು. ಆ ವಿಳಾಸಕ್ಕೆ ಬಾಗಿಲು ತೆಗೆದಳು. ಬಡಿಯುತ್ತಲೇ ಇದ್ದ ಡಾಕ್ಟರು ಒಳಗೆ ಬಂದರು, ಫೈಲು ಇಳಿಯಿತು. ಒಂಬತ್ತೇ ಸೆಕೆಂಡು. ಡ್ರಾಯರಿನಲ್ಲಿ ಮೊಬೈಲ್ ಹೊಡೆದುಕೊಳ್ಳುತ್ತಿತ್ತು.

"ಎಬ್ಬಿಸಿದ್ರೂ ಏಳ್ತಿಲ್ಲ ಕಣೇ" ಎಂದಳು ಅತ್ತಿಗೆ. "ಊಟ ಬೇಡ, ತಲೆ ಸಿಡೀತಿದೆ ಅಂತ ಮಲಗಿದವರು..."

ಡಾಕ್ಟರ ಫೋನು ಆಸ್ಪತ್ರೆಗೆ ಹೋಯಿತು. ದೊಡ್ಡಾಸ್ಪತ್ರೆಗೆ ಆಂಬುಲೆನ್ಸೂ ಹೊರಟಿತು. ದಾರಿಯಲ್ಲೇ ಅಣ್ಣನ ಉಸಿರು ನಿಂತಿತು. ಬೆಳಿಗ್ಗೆಯೇ ಗೊತ್ತಾಗಿದ್ದರೆ ಉಳಿಸಬಹುದಿತ್ತು ಎಂದರು ಅಲ್ಲಿಯವರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತಿಗೆ ಅವಳ ಕೈ ಹಿಡಿದು ಎದೆ ಬಡಿದುಕೊಂಡಳು. "ನೀನು ಅಷ್ಟು ಬೇಡ್ಕೊಂಡೆ ಅಂದೆಯಲ್ಲೇ, ಆ ಡಾಕ್ಟರು ಯಾಕೆ ನೋಡಲಿಲ್ಲ? ಅವನ ವಂಶ ಹಾಳಾಗ!"

ಬೀಗದಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಅವರಿಗೆ ಶಾಪ ಹಾಕ್ಬೇಡ ಅತ್ತಿಗೆ" ಅಂದಳು. "ಅವರು ಬೆಳಿಗ್ಗೆಯಿಂದ ಕೇಳ್ತಾನೇ ಇದ್ರು. ನಾನೇ ಕೊಡಲಿಲ್ಲ."