ಮೃಗದ ಮುಂದೆ ಹಾಡುವವಳು

ತಾಯಿಯ ಹೆಣದ ಬಳಿ ಕೂತಿದ್ದ ಜಿಯೆನಿಯನ್ನು ರಟ್ಟೆ ಹಿಡಿದು ಎಬ್ಬಿಸಿ, ಎನಿಫಾ ಹಿತ್ತಲಿಗೆ ಕರೆತಂದಳು. ಎನಿಫಾ ಚರ್ಚಿನ ಮಹಿಳಾ ಸಂಘದ ಮುಖ್ಯಸ್ಥೆ; ಹಿಡಿದ ರಟ್ಟೆಯನ್ನು ಸುಲಭಕ್ಕೆ ಬಿಡುವವಳಲ್ಲ. ಹಿತ್ತಲಲ್ಲಿ ಹೆಂಗಸರು ದೊಡ್ಡ ಹಂಡೆಗೆ ಕೋಲು ಹಾಕಿ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದರು.

"ದೊಡ್ಡ ಮೃಗ ಬರುತ್ತಂತೆ, ಹೌದೇನೆ?"

"ಸೋದರಮಾವ ಹೇಳಿಕಳಿಸಿದಾರೆ. ಬರುತ್ತೆ ಅಕ್ಕ."

"ಬಂದ್ರೆ ಬರಲಿ. ನಿಮ್ಮಮ್ಮ ಅದರ ಮುಂದೆ ಹಾಡಿ ಹಾಡಿ ಮುದುಕಿ ಆದ್ಲು, ಅವಳ ಪಾಡು ಮುಗೀತು. ನೀನು ಚರ್ಚಿನವಳು, ಅದರ ಮುಂದೆ ಬಾಯಿ ಬಿಡಬೇಡ. ಬಿಟ್ಟೆಯೋ, ಸಂಘದಿಂದ ಹೊರಗೆ. ನಾಳೆ ನೀನು ಸತ್ತರೆ ಗಂಟೆ ಹೊಡೆಯಲ್ಲ, ನಮ್ಮೋರು ಒಬ್ಬರೂ ಬರಲ್ಲ."

"ಯಾರೂ ಹಾಡದಿದ್ರೆ ಮೃಗ ಹೆಜ್ಜೆ ಇಡಲ್ಲ. ಅದು ಮುಂದೆ ನಡೀದೆ ಅಮ್ಮನ್ನ ಎತ್ತೋ ಹಾಗಿಲ್ಲ."

"ಅದು ಬೆತ್ತದ ಬುಟ್ಟಿ ಕಣೇ. ಒಳಗೆ ಯಾರಿರ್ತಾರೆ ಅಂತ ನಿಂಗೊತ್ತಿಲ್ವಾ?"

ಮುದ್ದೆ ತಿರುವುತ್ತಿದ್ದ ಕೈಗಳು ನಿಂತವು. ಚೇವಾ ಕುಲದ ಹೆಂಗಸರು ಆಡಬಾರದ ಮಾತೆಂದರೆ ಅದೊಂದೇ. ಎನಿಫಾ ತಾನೇ ನಾಲಿಗೆ ಕಚ್ಚಿಕೊಂಡಳು. ಒಳಗೆ ಏನಿರುತ್ತದೆ ಎಂದು ನನ್ನನ್ನೂ ಕೇಳಬೇಡಿ. ಮೃಗ ಎಂದರೆ ಮೃಗ, ಅಷ್ಟೆ.

* * *

ಜಿಯೆನಿ ಚಿಕ್ಕವಳಿದ್ದಾಗ ಅದೇ ತಪ್ಪು ಮಾಡಿದ್ದಳು. ಊರ ಮುಖಂಡ ತೀರಿಕೊಂಡ ದಿನ ಮೃಗ ಬಂದಿತ್ತು. ಗುಡಿಸಲಿನಷ್ಟು ದೊಡ್ಡ ಮೈ, ಉದ್ದನೆಯ ಕೊಂಬು. ಕುಣಿಯುತ್ತ ಕುಣಿಯುತ್ತ ಅದು ಕೆಮ್ಮಿತು.

"ಅಮ್ಮಾ, ಇದು ಮಾವನ ಕೆಮ್ಮು!"

ತಾಯಿ ಫಲೇಸಿ ತಿರುಗಿಯೂ ನೋಡಲಿಲ್ಲ. ಹಾಡುತ್ತಿದ್ದ ಹಾಡನ್ನು ಇನ್ನಷ್ಟು ಏರಿಸಿದಳು. ಕೆಮ್ಮು, ಮಗಳ ಕೂಗು ಎರಡೂ ಅದರಲ್ಲಿ ಮುಳುಗಿಹೋದವು. ಆಮೇಲೆ ಹಿರಿಯರಿಗೆ ಒಂದು ಕೋಳಿ ದಂಡ ಕೊಟ್ಟು, ಮನೆಗೆ ಬಂದು ಮಗಳ ಕಿವಿ ಹಿಂಡಿದಳು.

"ಅವನ ಕೆಮ್ಮು ನಂಗೊತ್ತಿಲ್ವೇನೆ? ಒಡಹುಟ್ಟಿದವಳು ನಾನು."

"ಮತ್ತೆ ಸುಳ್ಳು ಯಾಕೆ ಹೇಳ್ಬೇಕು?"

"ಸುಳ್ಳಲ್ಲ. ಸತ್ತೋರನ್ನ ಕರ್ಕೊಂಡು ಹೋಗೋಕೆ ಕಾಡಿಂದ ಮೃಗ ಬರುತ್ತೆ. ನಾವು ಹಾಡಿ ಕರೆದರೆ ಅದು ಮೃಗ. ಕರೀದಿದ್ರೆ ಬುಟ್ಟಿ. ನಮ್ಮ ಬಾಯಲ್ಲಿದೆ ಅದು, ತಿಳ್ಕೊ."

* * *

ಬಿಸಿಲು ಇಳಿಯುವ ಹೊತ್ತಿಗೆ ಮೃಗ ಬಂತು. ಬಂದದ್ದು ಅಂಗಳದ ಅಂಚಿನಲ್ಲೇ ನಿಂತುಬಿಟ್ಟಿತು. ಡೋಲು ಬಡಿಯುತ್ತಲೇ ಇತ್ತು. ಮಾವ ಚತ್ಸಿಕನಿಗೆ ಈಗ ಊರುಗೋಲಿಲ್ಲದೆ ಆಗದು. ಕೋಲೂರಿಕೊಂಡು ಹೆಂಗಸರ ಕಡೆ ತಿರುಗಿದ.

"ನಮ್ಮಕ್ಕನ ಬಾಯಿ ಮುಚ್ಚಿತು. ಅವಳ ಹೊಟ್ಟೇಲಿ ಹುಟ್ಟಿದವಳ ಬಾಯಿಗೇನಾಗಿದೆ?"

ಜಿಯೆನಿಗೆ ಹೆದರಿಕೆಯಾಗಿತ್ತು. ಗಂಟೆಯಿಲ್ಲದ, ಜನರಿಲ್ಲದ ತನ್ನ ಸಾವು ಕಣ್ಣ ಮುಂದೆ ಬಂತು. ಪಕ್ಕದಲ್ಲೇ ಎನಿಫಾ ನಿಂತಿದ್ದಳು.

"ನಿನ್ನ ಹೆಣ ಯಾರು ಹೊರ್ತಾರೆ, ಹೇಳು," ಎಂದಳು ಮೆಲ್ಲಗೆ.

"ಯಾರೂ ಬರದಿದ್ರೆ ಆ ಮೃಗವೇ ಹೊತ್ಕೊಂಡು ಹೋಗ್ಲಿ ಬಿಡಕ್ಕ. ಇವತ್ತು ನಾನು ಅಮ್ಮನ್ನ ಕಳಿಸ್ಬೇಕು."

ಹಾಡಿದಳು. ಮುಂದೆ ನಿಂತವಳು ಒಂದು ಸಾಲು ಕರೆದರೆ ಹಿಂದಿನವರು ಓಗೊಡಬೇಕು. ಸಂಘದವರ ಮುಖ ನೋಡಿ ಯಾರೂ ಓಗೊಡಲಿಲ್ಲ. ಮೃಗ ಅಲ್ಲಾಡಲಿಲ್ಲ. ಜಿಯೆನಿ ಮತ್ತೆ ಮೊದಲಿಂದ ಹಿಡಿದಳು. ಕರೆಯುವ ಸಾಲನ್ನೂ ಓಗೊಡುವ ಸಾಲನ್ನೂ ತಾನೊಬ್ಬಳೇ ಹಾಡಿದಳು. ಉಸಿರು ಸಾಲದೆ ಏದುಸಿರು ಬಿಟ್ಟಳು, ನಿಲ್ಲಿಸಲಿಲ್ಲ. ಮೃಗ ಕೊಂಬು ತಗ್ಗಿಸಿ ಒಂದು ಹೆಜ್ಜೆ ಇಟ್ಟಿತು. ಹಂಡೆಯ ಬಳಿಯಿಂದ ಯಾರೋ ಒಬ್ಬಳು ಓಗೊಟ್ಟಳು. ಆಮೇಲೆ ಇನ್ನಿಬ್ಬರು.

"ನಡೀರಿ, ಇಲ್ಲಿ ನಮಗೇನು ಕೆಲಸ," ಎಂದು ಎನಿಫಾ ಕೆಂಪು ರವಿಕೆ ತೊಟ್ಟ ತನ್ನ ಸಂಘದ ಹೆಂಗಸರನ್ನು ಕರೆದುಕೊಂಡು ಹೊರಟುಬಿಟ್ಟಳು.

ಸ್ಮಶಾನಕ್ಕೂ ಚರ್ಚಿಗೂ ಅಲ್ಲಿ ಒಂದೇ ದಾರಿ. ಸಂಘದವರು ಬಹಳ ದೂರ ಹೋಗಿರಲಿಲ್ಲ, ಹಿಂದಿನಿಂದ ಡೋಲು ಕೇಳಿಸಿತು. ಹೆಣ ಬಂದರೆ ಯಾರೇ ಆಗಲಿ ದಾರಿ ಬಿಟ್ಟು ಮೊಣಕಾಲೂರಬೇಕು. ಚರ್ಚಿನವರಿಗೂ ಅದು ಬಿಟ್ಟದ್ದಲ್ಲ; ಆದರೆ ಅವರು ಊರುವುದು ಹೆಣಕ್ಕೆ, ಮೃಗಕ್ಕಲ್ಲ. ಎಲ್ಲರೂ ಬದಿಗೆ ಸರಿದು ಕಾಯುತ್ತ ನಿಂತರು. ಮೃಗ ಹತ್ತಿರ ಬಂತು, ಅದರ ಮುಂದೆ ಹಾಡುತ್ತ ಜಿಯೆನಿ. ಹೆಣ ಹೊತ್ತವರು ಇನ್ನೂ ತಿರುವಿನಾಚೆಯೇ ಇದ್ದರು. ಎನಿಫಾ ಆಗಲೇ ಮಣ್ಣಿನಲ್ಲಿ ಮೊಣಕಾಲೂರಿದ್ದಳು.